ಒಂದೂವರೆ ಇಂಚು

ನನ್ನ ಬಳೆಗೆ ನೇತುಹಾಕಿದ್ದ ಮೂರು ಪಿನ್ನು ಕಂಡು
ಮೊದಲ ರಾತ್ರಿಯೇ ಬೈದಳು ಲವೀನಿಯಾ ಪರ್ನೆಲ್:
"ನಮ್ಮ ಫ್ಯಾಕ್ಟರಿಯಲ್ಲಾಗಿದ್ದರೆ ನಿನ್ನನ್ನು
ಗೇಟಿನಾಚೆಯೇ ನಿಲ್ಲಿಸುತ್ತಿದ್ದರು."

ಡೆಲವೇರಿನ ಡೋವರ್. ವೃದ್ಧಾಶ್ರಮದ ಎರಡನೇ ಮಹಡಿ.
ನಾನು ರಾತ್ರಿಪಾಳಿಯ ನರ್ಸು; ಅವಳು ಹನ್ನೊಂದನೇ ಕೋಣೆ,
ಎಂಬತ್ತೊಂಬತ್ತು ವರ್ಷ, ಸಕ್ಕರೆ ಕಾಯಿಲೆ,
ಬಲಗೈ ತೋರುಬೆರಳ ತುದಿಯಲ್ಲಿ ಇವತ್ತಿಗೂ
ಜೋಳದ ಕಾಳಿನಷ್ಟು ಜಡ್ಡು.
ರಕ್ತ ನೋಡಲು ಸೂಜಿ ಚುಚ್ಚಿದರೆ
ಆ ಬೆರಳು ಕೊಡಲೊಲ್ಲದು.
"ಅದನ್ನು ಬಿಡು, ಅದು ಚಂದ್ರನಿಗೆ ಕೊಟ್ಟದ್ದು."

ಮೊದಲು ಒಳಉಡುಪು ಹೊಲಿಯುತ್ತಿದ್ದವರಂತೆ,
ಲೇಸು, ಎಲಾಸ್ಟಿಕ್ಕು, ಹುಕ್ಕು.
ಒಂದು ಸೋಮವಾರ ಬಂತು ಗಾಜಿನ ನೂಲಿನ ಬಟ್ಟೆ,
ಉಕ್ಕಿನ ಎಳೆಯಲ್ಲಿ ನೇಯ್ದದ್ದು ಇನ್ನೊಂದು,
ಕತ್ತರಿ ಹಿಡಿದವರ ಕೈ ನಡುಗಿತಂತೆ.
ಒಂದರ ಮೇಲೊಂದು ಇಪ್ಪತ್ತೊಂದು ಪದರ.
ಇಂಚನ್ನು ಮೂವತ್ತೆರಡು ಪಾಲು ಮಾಡಿ
ಒಂದು ಪಾಲು ತಪ್ಪಿದರೂ ಬಿಚ್ಚು, ಮತ್ತೆ ಹೊಲಿ.
ಸಂಜೆ ಪಿನ್ನುಗಳ ಲೆಕ್ಕ ಒಪ್ಪಿಸಬೇಕು.
ಹೊಲಿದ ಬಟ್ಟೆಗೆ ಎಕ್ಸ್‌ರೇ, ಮುರಿದ ಮೂಳೆಗಲ್ಲ,
ಮರೆತ ಗುಂಡುಸೂಜಿಗೆ.

ಕಿಟಕಿಗೆ ಚಂದ್ರ ಬಂದ. ಸುಮ್ಮನಿರಲಾರದೆ
"ಎಷ್ಟು ತಂಪು, ನೋಡಿ," ಅಂದೆ.
"ಯಾರು ಹೇಳಿದರು?" ಕನ್ನಡಕ ಏರಿಸಿದಳು.
"ಬಿಸಿಲು ಬಿದ್ದಲ್ಲಿ ಕುದಿವ ನೀರಿಗಿಂತ ಸುಡು,
ಕತ್ತಲಾದರೆ ನಮ್ಮ ಫ್ಯಾರನ್‌ಹೀಟಿನಲ್ಲಿ
ಸೊನ್ನೆಗಿಂತ ಇನ್ನೂರೆಂಬತ್ತು ಕೆಳಗೆ.
ಅಲ್ಲಿನ ಒಂದು ಹಗಲಿಗೆ ಇಲ್ಲಿನ ಎರಡು ವಾರ. ಗಾಳಿ ಇಲ್ಲ.
ಒಂದು ಹೊಲಿಗೆ ಬಿಟ್ಟರೆ ಒಳಗಿದ್ದವನು ಮುಗಿದ.
ತಂಪಂತೆ!"
ಬಾಯಿ ಮುಚ್ಚಿಕೊಂಡೆ. ಚಂದಮಾಮನ ತೋರಿಸಿ ತೋರಿಸಿ
ಕೈತುತ್ತು ಹಾಕಿಸಿಕೊಂಡು ಬೆಳೆದ ಬಾಯಿ ಅದು.

ರಾಣೆಬೆನ್ನೂರಿನಲ್ಲಿ ನನ್ನಪ್ಪನೂ ದರ್ಜಿ.
ಬೆಳೆಯುವ ಹುಡುಗಿಯರ ಲಂಗಕ್ಕೆ
ಅಂಚಿನೊಳಗೆ ಒಂದೂವರೆ ಇಂಚು ಮಡಚಿಡುತ್ತಿದ್ದ,
ಬರುವ ವರ್ಷ ಬಿಚ್ಚಿ ಇಳಿಸಲು.
ಹೇಳಿದೆ. ನಕ್ಕಳು, ಅದೇ ಮೊದಲು.
"ಅವನೂ ಹಾಗೇ. ಅಲ್ಲಿಟ್ಟು ಬಂದ ಕನ್ನಡಿಗೆ ಬೆಳಕು ಬಿಟ್ಟು
ಟೇಪು ಹಿಡಿದ ಹಾಗೆ ಅಳೆಯುತ್ತಾರೆ:
ವರ್ಷಕ್ಕೆ ಒಂದೂವರೆ ಇಂಚು ದೂರ ಸರಿಯುತ್ತಾನೆ.
ನಾನು ಹೊಲಿದಾಗಿನಿಂದ ಎಷ್ಟಾಯಿತು, ಲೆಕ್ಕ ಹಾಕು."
ಮಾತ್ರೆಚೀಟಿಯ ಹಿಂದೆ ಗುಣಿಸಿದೆ:
ಎರಡೂಕಾಲು ಗಜ, ಮೇಲೆ ಚೂರು.
"ಒಂದು ಅಂಗಿಗೆ ಸಾಕು," ಅಂದೆವು ಒಟ್ಟಿಗೇ,
ಅವಳು ಅವಳ ಮಾತಲ್ಲಿ, ನಾನು ನನ್ನದರಲ್ಲಿ.

ಅವಳ ಪಾಲಿಗೆ ಬಂದದ್ದು ಬೂಟಿನ ಮೇಲೆ ತೊಡುವ ಬೂಟು.
ಚಿತ್ರದಲ್ಲಿ ಎಲ್ಲರೂ ನೋಡಿದ ಗೆರೆಗೆರೆ ಹೆಜ್ಜೆ;
ಅಳಿಸಲು ಗಾಳಿ ಇಲ್ಲ, ಮಳೆ ಇಲ್ಲ, ನಾಯಿ ಇಲ್ಲ.
ಬೂಟು ಮಾತ್ರ ಮರಳಲಿಲ್ಲ.
ಕಲ್ಲು ಹೊತ್ತು ತರಬೇಕಿತ್ತಲ್ಲ, ಭಾರ ಇಳಿಸಲು
ಬಾಗಿಲಿನಿಂದ ಎಸೆದು ಬಂದರು.
"ಸಿಟ್ಟು ಬಂದಿತ್ತು ನನಗೆ," ಅಂದಳು,
"ಮೂರು ಸಲ ಬಿಚ್ಚಿ ಹೊಲಿದದ್ದು."

ಗುಡಿಯ ಬಾಗಿಲಲ್ಲಿ ನಮ್ಮವರು ಚಪ್ಪಲಿ ಬಿಡುತ್ತಾರೆ, ಅಂದೆ.
"ಹೊರಗೆ ಬಂದು ಮತ್ತೆ ಮೆಟ್ಟಿಕೊಳ್ಳುತ್ತಾರೆ ತಾನೆ?"
ಹೌದು.
"ಹಾಗಾದರೆ ಇದು ಬೇರೆ."

ದೀಪ ಆರಿಸುವ ಮೊದಲು ಅಂಗೈ ಚಾಚಿದಳು.
ಬಳೆಯಿಂದ ಬಿಡಿಸಿ ಇಟ್ಟೆ: ಒಂದು. ಎರಡು.
"ಮೂರನೆಯದು?"
ಅವಳು ಹಾಸಿಗೆಯಿಂದಲೇ ಬೆರಳು ತೋರುತ್ತ,
ನಾನು ಮಂಡಿಯೂರಿ, ಮಂಚದ ಕೆಳಗೆ, ಚಪ್ಪಲಿಯ ಸಂದಿಯಲ್ಲಿ,
ಬೆಳದಿಂಗಳು ಬಿದ್ದ ಅಷ್ಟಗಲ ನೆಲದ ಮೇಲೆ
ಅಂಗೈ ಆಡಿಸುತ್ತ ಹುಡುಕಿದೆವು.